ಜೋಡಿ ಇದ್ದರೆ ಸಾಲದು: ಮಾದರಿ ವಿಮಾನದಿಂದ ತೇಜಸ್‌ವರೆಗೆ ಮೀಸಲು ಎಲೆಕ್ಟ್ರಾನಿಕ್ ವ್ಯವಸ್ಥೆಗಳ ಚರಿತ್ರೆ

ಪೀಠಿಕೆ

ರೇಡಿಯೋ ನಿಯಂತ್ರಣದ ದೊಡ್ಡ ಮಾದರಿ ವಿಮಾನದಲ್ಲಿ ಎರಡು ಬ್ಯಾಟರಿ, ಎರಡು ರಿಸೀವರ್ ಇಡುವುದು ಇಂದು ರೂಢಿ. ಒಂದು ಕೈಕೊಟ್ಟರೆ ಇನ್ನೊಂದು ಕಾಯಲಿ ಎಂಬುದು ಉದ್ದೇಶ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನದಲ್ಲೂ, ಕಬ್ಬಿನ ಬೆಳೆಗೆ ಔಷಧಿ ಸಿಂಪಡಿಸುವ ಡ್ರೋನ್‌ನಲ್ಲೂ ಇದೇ ಉದ್ದೇಶ ಕೆಲಸ ಮಾಡುತ್ತದೆ. ವಿಮಾನವನ್ನು ಉಳಿಸುವುದು ಮೀಸಲು ಭಾಗಗಳ ಸಂಖ್ಯೆಯಲ್ಲ, ಅವು ಒಂದರ ಹಂಗಿನಲ್ಲಿ ಇನ್ನೊಂದು ಇಲ್ಲದಿರುವುದು. ಈ ಚರಿತ್ರೆಯ ಮೂಲಕ ಅದನ್ನು ತೋರಿಸುವುದು ಪ್ರಸ್ತುತ ಲೇಖನದ ಗುರಿ.

1. ಆಕಾರವೇ ಕಾವಲಾಗಿದ್ದ ಕಾಲ

ಅಮೆರಿಕದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಸಹೋದರರು 1930ರ ದಶಕದ ಕೊನೆಯಲ್ಲಿ ‘ಗಫ್’ ಎಂಬ ಮಾದರಿ ವಿಮಾನವನ್ನು ರೇಡಿಯೋದಿಂದ ಹಾರಿಸಿದರು. ಆ ಪೀಳಿಗೆಯ ಮಾದರಿಗಳು ಸ್ವಭಾವತಃ ಸ್ಥಿರವಾಗಿ ಹಾರುವಂಥವು. ಸಂಕೇತ ತಪ್ಪಿದರೂ ತಮ್ಮಷ್ಟಕ್ಕೆ ತೇಲುತ್ತ ಇಳಿಯುವ ಸಾಧ್ಯತೆ ಇತ್ತು. ರೆಕ್ಕೆಯ ಆಕಾರವೇ ಮೀಸಲು ವ್ಯವಸ್ಥೆಯ ಕೆಲಸ ಮಾಡುತ್ತಿತ್ತು.

ಮುಂದೆ ಮಾದರಿಗಳು ಭಾರವಾದವು, ಕಸರತ್ತಿಗೆ ತಕ್ಕಂತೆ ಚುರುಕಾದವು. ಕ್ಷಣ ಕ್ಷಣಕ್ಕೂ ಹಿಡಿತ ಬೇಡುವ ಇಂಥ ವಿಮಾನ ಸಂಕೇತ ಕಡಿದರೆ ನೇರ ನೆಲಕ್ಕೆ ಬರುತ್ತದೆ. 1980ರ ದಶಕದಲ್ಲಿ ಹರಡಿದ, ಆಜ್ಞೆಗಳನ್ನು ಅಂಕಿಗಳ ಸಂಕೇತವಾಗಿ ಕಳಿಸುವ ಪಿಸಿಎಂ ರೇಡಿಯೋಗಳು ‘ಫೇಲ್‌ಸೇಫ್’ ಸೌಲಭ್ಯ ತಂದವು: ಸಂಕೇತ ಸಿಗದಿದ್ದರೆ ರಿಸೀವರ್ ಮೊದಲೇ ನಿಗದಿಪಡಿಸಿದ ಸ್ಥಿತಿಗೆ ಹೋಗಿ ಎಂಜಿನ್ ವೇಗ ತಗ್ಗಿಸುತ್ತದೆ. ಇದು ಅನಾಹುತವನ್ನು ಕಿರಿದು ಮಾಡುತ್ತದೆಯೇ ಹೊರತು ಕಳೆದ ಹಿಡಿತವನ್ನು ಮರಳಿಸುವುದಿಲ್ಲ.

ಬಳಿಕ 2.4 ಗಿಗಾಹರ್ಟ್ಜ್ ರೇಡಿಯೋಗಳು ಬಂದವು. ಭಾರತದಲ್ಲಿ ಈ ತರಂಗಾಂತರದ ಕಡಿಮೆ ಶಕ್ತಿಯ ಉಪಕರಣಗಳಿಗೆ 2005ರಲ್ಲಿ ಪರವಾನಗಿಯಿಂದ ವಿನಾಯಿತಿ ಸಿಕ್ಕಿತು. ಒಬ್ಬರ ತರಂಗ ಇನ್ನೊಬ್ಬರ ವಿಮಾನವನ್ನು ಕೆಡಿಸುವ ಹಳೆಯ ಕಾಟ ಬಹುಮಟ್ಟಿಗೆ ತಪ್ಪಿತಾದರೂ ಹೊಸ ತೊಂದರೆ ಎದುರಾಯಿತು. ರೆಕ್ಕೆ, ಬಾಲದ ಫಲಕಗಳನ್ನು ತಿರುಗಿಸುವ ದೊಡ್ಡ ಸರ್ವೋ ಮೋಟರ್‌ಗಳು ಒಮ್ಮೆಲೇ ಹೆಚ್ಚು ಕರೆಂಟು ಎಳೆದಾಗ ವೋಲ್ಟೇಜ್ ಕುಸಿದು ರಿಸೀವರ್ ಒಳಗಿನ ಪ್ರೊಸೆಸರ್ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಸಂಪರ್ಕ ಮರಳಲು ಆರಂಭದ ಕೆಲವು ರಿಸೀವರ್‌ಗಳು ಸೆಕೆಂಡುಗಳನ್ನೇ ತೆಗೆದುಕೊಳ್ಳುತ್ತಿದ್ದವು. ಜೋಡಿ ಬ್ಯಾಟರಿ, ಡಯೋಡ್‌ಗಳಿಂದ ಅವುಗಳನ್ನು ಬೇರ್ಪಡಿಸುವ ಪವರ್ ಬಾಕ್ಸ್, ಕೆಟ್ಟರೂ ‘ಆನ್’ ಆಗಿಯೇ ಉಳಿಯುವ ಎಲೆಕ್ಟ್ರಾನಿಕ್ ಸ್ವಿಚ್ ಇವೆಲ್ಲ ಬಳಕೆಗೆ ಬರಲು ಇಂಥ ಅನುಭವಗಳು ಕಾರಣವಾದವು.

2. ಜೋಡಿಯ ಲೆಕ್ಕ

ಒಂದು ಹಾರಾಟದಲ್ಲಿ ಬ್ಯಾಟರಿ ಕೆಡುವ ಸಂಭವ 1,000ಕ್ಕೆ 1 ಎಂದುಕೊಳ್ಳೋಣ. ಪರಸ್ಪರ ಸಂಬಂಧವಿಲ್ಲದ ಎರಡು ಬ್ಯಾಟರಿಗಳೂ ಒಟ್ಟಿಗೆ ಕೆಡುವ ಸಂಭವ 10 ಲಕ್ಷಕ್ಕೆ 1. ಆದರೆ ಎರಡಕ್ಕೂ ಒಂದೇ ಸ್ವಿಚ್ ಇದ್ದು, ಅದು ಕೆಡುವ ಸಂಭವವೂ 1,000ಕ್ಕೆ 1 ಇದ್ದರೆ, ಒಟ್ಟು ಅಪಾಯ ಮತ್ತೆ 1,000ಕ್ಕೆ 1ರ ಆಸುಪಾಸಿಗೇ ಬಂದು ನಿಲ್ಲುತ್ತದೆ. ಕೃಷ್ಣಾ ದಂಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಎರಡು ಮೋಟರ್ ಕೂರಿಸಿ ಒಂದೇ ಟ್ರಾನ್ಸ್‌ಫಾರ್ಮರ್‌ನಿಂದ (ಟಿ.ಸಿ.) ಕರೆಂಟು ಕೊಟ್ಟರೆ, ಟಿ.ಸಿ. ಸುಟ್ಟ ದಿನ ಎರಡೂ ನಿಲ್ಲುತ್ತವೆ.

ಅನುಭವಿ ಹಾರಾಟಗಾರರು ಎರಡು ರಿಸೀವರ್‌ಗಳ ಆಂಟೆನಾಗಳನ್ನು ಬೇರೆ ಬೇರೆ ದಿಕ್ಕಿಗೆ, ಕಾರ್ಬನ್ ಫೈಬರ್ ಅಡ್ಡ ಬಾರದಂತೆ ಇಡುತ್ತಾರೆ. ಎಡ ರೆಕ್ಕೆಯ ಸರ್ವೋ ಒಂದು ರಿಸೀವರ್‌ಗೆ, ಬಲ ರೆಕ್ಕೆಯದು ಇನ್ನೊಂದಕ್ಕೆ ಜೋಡಿಸುವವರೂ ಇದ್ದಾರೆ. ಒಂದು ಸತ್ತರೂ ಅರ್ಧ ಹಿಡಿತದಲ್ಲಿ ವಿಮಾನ ಇಳಿಸಬಹುದು.

3. ಬೆಂಗಳೂರಿನ ಅಧ್ಯಾಯ

ಇದೇ ಚಿಂತನೆ ಮನುಷ್ಯರು ಒಳಗೆ ಕುಳಿತು ಹಾರಿಸುವ ವಿಮಾನಗಳಲ್ಲಿ ಬಹಳ ಮುಂದೆ ಹೋಗಿತ್ತು. 1972ರಲ್ಲಿ ನಾಸಾ ಎಫ್-8 ವಿಮಾನವನ್ನು ಡಿಜಿಟಲ್ ಫ್ಲೈ-ಬೈ-ವೈರ್ (ಪೈಲಟ್‌ನ ಆಜ್ಞೆಯನ್ನು ವಿದ್ಯುತ್ ಸಂಕೇತವಾಗಿ ಸಾಗಿಸುವ) ವ್ಯವಸ್ಥೆಯಿಂದ ಹಾರಿಸಿದಾಗ ಅದರಲ್ಲಿದ್ದ ಡಿಜಿಟಲ್ ಕಂಪ್ಯೂಟರ್ ಒಂದೇ. ಬೆನ್ನಿಗೆ ಮೂರು ಚಾನೆಲ್‌ಗಳ ಅನಲಾಗ್ ಮೀಸಲು ವ್ಯವಸ್ಥೆ ಇತ್ತು. ಮೀಸಲು ಇಲ್ಲಿ ಮೂಲದ ನಕಲಾಗಿರಲಿಲ್ಲ, ಜಾತಿಯಲ್ಲೇ ಬೇರೆಯಾಗಿತ್ತು.

1984ರಲ್ಲಿ ಬೆಂಗಳೂರಿನಲ್ಲಿ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ (ಎಡಿಎ) ಆರಂಭವಾಗಿ ತೇಜಸ್ ಯೋಜನೆಯ ಹೊಣೆ ಹೊತ್ತಿತು. ತೇಜಸ್ ವಿನ್ಯಾಸದಲ್ಲೇ ಅಸ್ಥಿರ. ‘ಗಫ್’ಗೆ ಇದ್ದ ಆಕಾರದ ರಕ್ಷಣೆ ಇದಕ್ಕಿಲ್ಲ, ಕಂಪ್ಯೂಟರ್ ಇಲ್ಲದೆ ಹಾರಲಾಗದು. ಆದ್ದರಿಂದ ಅದರ ನಿಯಂತ್ರಣ ಕಂಪ್ಯೂಟರ್‌ಗೆ ನಾಲ್ಕು ಚಾನೆಲ್‌ಗಳು, ಪ್ರತಿಯೊಂದಕ್ಕೂ ಪ್ರತ್ಯೇಕ ವಿದ್ಯುತ್ ಪೂರೈಕೆ. ಕಂಪ್ಯೂಟರನ್ನು ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್ (ಎಡಿಇ) ರೂಪಿಸಿತು. ನಿಯಂತ್ರಣ ಸೂತ್ರಗಳನ್ನು ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ನೇತೃತ್ವದ ತಂಡ ಸಿದ್ಧಪಡಿಸಿತು. 1998ರ ಪೋಖರಣ್ ಪರೀಕ್ಷೆಗಳ ನಂತರ ಅಮೆರಿಕದ ನಿರ್ಬಂಧದಿಂದ ಅಲ್ಲಿನ ಸಹಕಾರ ನಿಂತಾಗ ಉಳಿದ ಕೆಲಸವನ್ನು ಇಲ್ಲಿನ ಎಂಜಿನಿಯರ್‌ಗಳೇ ಮುಗಿಸಿದರು. 2001ರ ಜನವರಿ 4ರಂದು ರಾಜೀವ್ ಕೋಠಿಯಾಲ್ ಬೆಂಗಳೂರಿನಿಂದ ತೇಜಸ್ ಅನ್ನು ಮೊದಲ ಬಾರಿ ಹಾರಿಸಿದರು.

ಆದರೆ ತಂತ್ರಾಂಶದ ತಪ್ಪು ಹಾರ್ಡ್‌ವೇರ್ ಎಷ್ಟು ಪಟ್ಟಾದರೂ ಮಾಯವಾಗದು. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್‌ನಲ್ಲಿದ್ದ ಮೀಸಲು ದಿಕ್ಸೂಚಕ ಘಟಕ ಮೊದಲು ನಿಂತಿತು. ಸೆಕೆಂಡಿನ ಅತಿ ಸಣ್ಣ ಭಾಗದ ಅಂತರದಲ್ಲಿ ಮುಖ್ಯ ಘಟಕವೂ ನಿಂತಿತು. ಎರಡರಲ್ಲೂ ಒಂದೇ ತಂತ್ರಾಂಶ, ಆದ್ದರಿಂದ ಒಂದೇ ತಪ್ಪು. ನೆಲದ ಮೇಲಿನ ‘ಐರನ್ ಬರ್ಡ್’ ಪರೀಕ್ಷಾ ಚೌಕಟ್ಟಿನಲ್ಲಿ ತೇಜಸ್‌ನ ನಿಯಂತ್ರಣ ವ್ಯವಸ್ಥೆಯನ್ನು ಹಾರಾಟಕ್ಕೆ ಮುನ್ನ ದೀರ್ಘ ಕಾಲ ಒರೆಗೆ ಹಚ್ಚಿದ್ದರ ಮಹತ್ವ ಇದರಿಂದ ತಿಳಿಯುತ್ತದೆ.

4. ಗಡಿಭಾಗದ ಹೊಲಗಳಿಗೆ

ಕೃಷ್ಣಾ ಸೀಮೆಯ ಗಡಿ ತಾಲ್ಲೂಕುಗಳಾದ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಕಬ್ಬು ಎತ್ತರಕ್ಕೆ ಬೆಳೆದ ಮೇಲೆ ಒಳಹೊಕ್ಕು ಸಿಂಪಡಿಸುವುದು ಕಷ್ಟ. ಡ್ರೋನ್‌ಗೆ ಇಲ್ಲಿ ಸಹಜವಾದ ಕೆಲಸವಿದೆ. 2021ರ ಡ್ರೋನ್ ನಿಯಮಗಳು 2ರಿಂದ 25 ಕಿಲೋವರೆಗಿನವನ್ನು ಸಣ್ಣ ಡ್ರೋನ್ ಎಂದು ವರ್ಗೀಕರಿಸುತ್ತವೆ; ದೊಡ್ಡ ಮಾದರಿ ವಿಮಾನಗಳ ತೂಕವೂ ಬಹುಪಾಲು ಇದೇ ವ್ಯಾಪ್ತಿಯದು. ನಾಲ್ಕು ಮೋಟರ್‌ಗಳ ಡ್ರೋನ್‌ನಲ್ಲಿ ಒಂದು ನಿಂತರೆ ಸಮತೋಲ ಉಳಿಸುವುದು ಬಹು ಕಷ್ಟ. ಆರು ಮೋಟರ್‌ಗಳಿದ್ದರೆ ಇಳಿಸಿಕೊಳ್ಳುವ ಅವಕಾಶ ಹೆಚ್ಚು. ಆದರೆ ಆರಕ್ಕೂ ಕರೆಂಟು ಒಂದೇ ಕನೆಕ್ಟರ್ ಮೂಲಕ ಬರುತ್ತಿದ್ದರೆ ಆ ಲಾಭ ಅಲ್ಲಿಗೇ ಮುಗಿಯಿತು.

ಉಪಸಂಹಾರ

ಚಿಕ್ಕೋಡಿಯ ಪಕ್ಕದ ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತಿವೆ. ಈ ಸೀಮೆಯ ವಿದ್ಯಾರ್ಥಿಗಳಿಗೆ ವಿಮಾನ ವಿದ್ಯೆ ಇಂದು ದೂರದ ಮಾತಲ್ಲ. ಅವರ ಪಾಠದಲ್ಲಿ ಮೀಸಲು ವ್ಯವಸ್ಥೆ ಎಂದರೆ ‘ಎಷ್ಟು ಇವೆ’ ಎಂಬ ಎಣಿಕೆಯಾಗದೆ, ‘ಎರಡನ್ನೂ ಒಟ್ಟಿಗೆ ಕೆಡಿಸಬಲ್ಲದ್ದು ಯಾವುದು’ ಎಂಬ ಹುಡುಕಾಟವಾಗಬೇಕು. ಆ ಒಂದು ಸ್ವಿಚ್, ಒಂದು ತಂತಿ, ಒಂದು ಸಾಲು ತಂತ್ರಾಂಶವನ್ನು ನೆಲದ ಮೇಲೆಯೇ ಪತ್ತೆ ಹಚ್ಚಿದವರ ವಿಮಾನ ಮಾತ್ರ ಕೆಟ್ಟ ಭಾಗವನ್ನು ಹೊತ್ತೂ ಸುರಕ್ಷಿತವಾಗಿ ಇಳಿಯಬಲ್ಲದು.