ನಿಧಿಶೋಧದ ಕಾದಂಬರಿಗಳು ಮತ್ತು ಗೇರುಸೊಪ್ಪೆ ಸೀಮೆಯ ಪುರಾತತ್ತ್ವ

ನೆಲದಡಿಯ ಗುಪ್ತಧನವನ್ನೋ ಅಳಿದುಹೋದ ಜನರ ಕುರುಹನ್ನೋ ಅರಸಿ ಹೊರಟವರ ಕಥೆ ವೈಜ್ಞಾನಿಕ ಹಾಗೂ ಅದ್ಭುತರಮ್ಯ ಕಾದಂಬರಿಗಳ ಹಳೆಯ ಬಂಡವಾಳ. ಹರಿದ ನಕ್ಷೆ, ಅರ್ಧ ಓದಿಸಿಕೊಳ್ಳುವ ಲಿಪಿ, ಕಾವಲಿಗೆ ಕುಳಿತ ಪ್ರಾಣಿ ಅಥವಾ ಯಂತ್ರ, ತೆರೆಯಬಾರದಿದ್ದ ಬಾಗಿಲು: ಇಷ್ಟಿದ್ದರೆ ಕಥೆಗೆ ಕಾಲು ಬರುತ್ತದೆ. ಕನ್ನಡದಲ್ಲಿ ಈ ಬಗೆಯ ಬರವಣಿಗೆ ಪ್ರತ್ಯೇಕ ಪ್ರಕಾರವೆಂದು ಹೆಸರು ಪಡೆದದ್ದು ಕಡಿಮೆ. ಆದರೂ ಶಿವರಾಮ ಕಾರಂತ, ಪೂರ್ಣಚಂದ್ರ ತೇಜಸ್ವಿ, ಕೆ. ಎನ್. ಗಣೇಶಯ್ಯ ಮೂವರೂ ತಮ್ಮ ತಮ್ಮ ದಾರಿಯಲ್ಲಿ ಇದನ್ನು ಮುಟ್ಟಿದ್ದಾರೆ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಕರಾವಳಿ ಈ ಕಥೆಗಳಿಗೆ ವಸ್ತುವನ್ನೂ ಒದಗಿಸಿದೆ, ಅವುಗಳನ್ನು ಒರೆಗೆ ಹಚ್ಚಲು ಬೇಕಾದ ಸಾಕ್ಷ್ಯವನ್ನೂ ಇಟ್ಟುಕೊಂಡಿದೆ.

ಇಂಗ್ಲಿಷಿನಲ್ಲಿ ಈ ದಾರಿಯನ್ನು ಹದಮಾಡಿದವು ಸ್ಟೀವನ್‌ಸನ್ನನ ‘ಟ್ರೆಷರ್ ಐಲ್ಯಾಂಡ್’ (1883) ಮತ್ತು ರೈಡರ್ ಹ್ಯಾಗರ್ಡನ ‘ಕಿಂಗ್ ಸಾಲೊಮನ್ಸ್ ಮೈನ್ಸ್’ (1885). ಟೋಲ್ಕಿನ್ ‘ದಿ ಹಾಬಿಟ್’ (1937) ಬರೆಯುವ ಹೊತ್ತಿಗೆ ನಕ್ಷೆಯ ಅಕ್ಷರಗಳೇ ಚಂದ್ರನ ಬೆಳಕಿಗೆ ಕಾಯತೊಡಗಿದ್ದವು; ಬರೆದಾಗ ಇದ್ದ ಋತು, ಇದ್ದ ಚಂದ್ರಕಲೆ ಮರಳಿ ಬಂದಾಗಲಷ್ಟೇ ಅವು ಕಣ್ಣಿಗೆ ಬೀಳುತ್ತವೆ. ಉರ್ಸುಲಾ ಲೆ ಗ್ವಿನ್ ‘ದಿ ಟೂಂಬ್ಸ್ ಆಫ್ ಅಟುವಾನ್’ ಕಾದಂಬರಿಯಲ್ಲಿ ನೆಲಮಾಳಿಗೆಯ ಚಕ್ರವ್ಯೂಹದೊಳಗೆ ಇಟ್ಟದ್ದು ಮುರಿದ ಉಂಗುರದ ಅರ್ಧ ತುಂಡು. ಹೊನ್ನಿನ ರಾಶಿಯಿಂದ ತುಂಡಿನ ಕಡೆಗೆ ನಡೆದ ಈ ಪಯಣವೇ ಪ್ರಕಾರ ಬಲಿತದ್ದಕ್ಕೆ ಗುರುತು.

ವೈಜ್ಞಾನಿಕ ಕಥೆಗಳು ಉತ್ಖನನವನ್ನು ಬೇರೆ ಗ್ರಹಗಳಿಗೆ ಒಯ್ದವು. ಎಚ್. ಬೀಮ್ ಪೈಪರನ ನೀಳ್ಗತೆ ‘ಆಮ್ನಿಲಿಂಗ್ವಲ್’ (1957) ಮಂಗಳ ಗ್ರಹದ ಸತ್ತ ನಗರವೊಂದರಲ್ಲಿ ನಡೆಯುತ್ತದೆ. ಅಲ್ಲಿನ ಲಿಪಿಯನ್ನು ಬಿಡಿಸಲು ದ್ವಿಭಾಷಾ ಶಾಸನ ಸಿಗುವಂತಿಲ್ಲ. ಹಳೆಯ ವಿಶ್ವವಿದ್ಯಾಲಯದ ಗೋಡೆಯ ಮೇಲಿನ ಮೂಲಧಾತುಗಳ ಕೋಷ್ಟಕವೇ ಕೀಲಿಕೈಯಾಗುತ್ತದೆ, ಏಕೆಂದರೆ ಜಲಜನಕ ಎಲ್ಲಿದ್ದರೂ ಜಲಜನಕವೇ. ಆರ್ಥರ್ ಕ್ಲಾರ್ಕನ ‘ರಾಂಡೆವೂ ವಿತ್ ರಾಮ’ (1973) ಕಾದಂಬರಿಯಲ್ಲಿ ಸೌರವ್ಯೂಹದೊಳಕ್ಕೆ ತೇಲಿಬಂದ ಬೃಹತ್ ಕೊಳವೆಯನ್ನು ಹೊಕ್ಕವರು, ಅದನ್ನು ಕಟ್ಟಿದವರು ಯಾರೆಂದು ತಿಳಿಯದೆಯೇ ಹಿಂದಿರುಗುತ್ತಾರೆ. ಅಗೆದವರಿಗೆ ಉತ್ತರ ಸಿಕ್ಕೇ ಸಿಗುತ್ತದೆಂಬ ಖಾತರಿ ಇಲ್ಲದಿರುವುದಕ್ಕಿಂತ ನಿಜವಾದ ಪುರಾತತ್ತ್ವಕ್ಕೆ ಹತ್ತಿರವಾದ ಸಂಗತಿ ಬೇರೊಂದಿಲ್ಲ.

ರಷ್ಯಾದ ಸ್ಟ್ರುಗಾಟ್‌ಸ್ಕಿ ಸೋದರರ ‘ರೋಡ್‌ಸೈಡ್ ಪಿಕ್ನಿಕ್’ (1972) ಮಾತ್ರ ಉಳಿದೆಲ್ಲಕ್ಕಿಂತ ಒಂದು ಹೆಜ್ಜೆ ಮುಂದಿದೆ. ಅನ್ಯಲೋಕದವರು ಬಂದುಹೋದ ನಿಷೇಧಿತ ವಲಯಕ್ಕೆ ರಾತ್ರಿ ನುಸುಳಿ, ಅಲ್ಲಿ ಬಿದ್ದ ವಿಚಿತ್ರ ವಸ್ತುಗಳನ್ನು ಕದ್ದು ಮಾರುವವರು ಅದರ ನಾಯಕರು. ನಮ್ಮ ಪತ್ರಿಕೆಗಳು ‘ನಿಧಿಗಳ್ಳರು’ ಎಂದು ಬರೆಯುವ ಜನಕ್ಕೆ ಅವರು ಖಾಸಾ ನಂಟರು. ಪ್ರಾಣ ಒತ್ತೆಯಿಟ್ಟು ತರುವ ಆ ಮಾಲು, ದಾರಿಬದಿಯಲ್ಲಿ ವನಭೋಜನ ಮಾಡಿ ಎದ್ದವರು ಬಿಟ್ಟುಹೋದ ಕಸವಿದ್ದರೂ ಇರಬಹುದು ಎಂಬ ಊಹೆಯೊಂದು ಕಾದಂಬರಿಯಲ್ಲಿ ಬರುತ್ತದೆ. ಅಗೆತದ ಹೊಂಡದಲ್ಲಿ ಒಂದು ದಿನ ಕಳೆದವರಿಗೂ ಈ ಊಹೆ ಅಪರಿಚಿತವಲ್ಲ. ನಿಧಿಯ ಕಥೆಗೆ ಯಾರೋ ಬಚ್ಚಿಟ್ಟದ್ದು ಬೇಕು. ಪುರಾತತ್ತ್ವಕ್ಕೆ ಸಿಗುವುದು ಬಹುಪಾಲು ಯಾರೋ ಬಿಸಾಡಿದ್ದು.

ಕುಮಟಾ ತಾಲ್ಲೂಕಿನ ಮಿರ್ಜಾನ ಕೋಟೆ ಇದಕ್ಕೆ ಕಣ್ಣೆದುರಿನ ಸಾಕ್ಷಿ. ಅಘನಾಶಿನಿಯ ಬಳಿ ಜಂಬಿಟ್ಟಿಗೆ ಕಲ್ಲಿನಿಂದ ಎದ್ದ ಈ ಕೋಟೆಯನ್ನು ಮಳೆಗಾಲದಲ್ಲಿ ನೋಡಿದವರು ಮರೆಯುವುದಿಲ್ಲ. ಗೋಡೆಗಳೆಲ್ಲ ಹಸಿರು ಪಾಚಿ ಹೊದ್ದು, ಮನುಷ್ಯರು ಕಟ್ಟಿದ್ದೋ ನೆಲವೇ ಎದ್ದುನಿಂತದ್ದೋ ಎಂಬಂತೆ ಕಾಣುತ್ತದೆ. ಒಳಗೆ ಬಾವಿಗಳಿವೆ, ಗುಪ್ತ ದಾರಿಗಳಿವೆ, ಸುತ್ತ ಕಂದಕವಿದೆ. ಅದ್ಭುತರಮ್ಯ ಕಾದಂಬರಿಗೆ ಬೇರೆ ಸೆಟ್ ಹಾಕಬೇಕಾಗಿಲ್ಲ. ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆ 2000-01ರಲ್ಲಿ ಇಲ್ಲಿ ಅಗೆದಾಗ ಹೊರಬಂದವುಗಳಲ್ಲಿ ಚೀನಾದ ಪಿಂಗಾಣಿ ಚೂರುಗಳು ಮುಖ್ಯವಾದವು. ಯಾರದೋ ಊಟದ ಮನೆಯಲ್ಲಿ ಒಡೆದ ಬಟ್ಟಲು ಅದು. ಮರ, ಬಟ್ಟೆ, ತಾಳೆಗರಿಗಳನ್ನು 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ತಿಂದುಹಾಕುತ್ತದೆ. ಜಂಬಿಟ್ಟಿಗೆಯ ಆಮ್ಲೀಯ ಮಣ್ಣು ಎಲುಬನ್ನೂ ಬಿಡುವುದಿಲ್ಲ. ಸುಟ್ಟ ಪಿಂಗಾಣಿಗೆ ಮಳೆಯ ಭಯವಿಲ್ಲ. ಅದರ ಬಣ್ಣ, ಚಿತ್ತಾರ, ತಳದ ಗುರುತು ನೋಡಿ ಯಾವ ಕಾಲದ ಗೂಡಿನಲ್ಲಿ ಸುಟ್ಟದ್ದೆಂದು ಅಂದಾಜು ಹೇಳಬಹುದು. ಅದು ಸಿಕ್ಕ ಪದರಿನ ವಯಸ್ಸನ್ನೂ ಅದರಿಂದಲೇ ಅಳೆಯಬಹುದು. ಚೂರನ್ನು ಪದರಿನಿಂದ ಕಿತ್ತು ಕಿಸೆಗೆ ಹಾಕಿಕೊಂಡರೆ ಈ ಎರಡನೆಯ ಮಾತು ಶಾಶ್ವತವಾಗಿ ಅಳಿದಂತೆ. ನಿಧಿಗಳ್ಳರ ಹಾರೆ ಮಾಡುವ ದೊಡ್ಡ ನಷ್ಟ ಇದೇ. ಅವರು ಒಯ್ಯುವ ವಸ್ತು ಅದರ ಮುಂದೆ ಸಣ್ಣದು.

ಪಿಂಗಾಣಿ ಇಲ್ಲಿಗೆ ಬಂದದ್ದು ಕಾಳುಮೆಣಸಿನ ಋಣದಿಂದ. ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯನ್ನು 1552ರಿಂದ 1606ರವರೆಗೆ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಘಟ್ಟದ ಮೆಣಸು ಶರಾವತಿ, ಅಘನಾಶಿನಿಗಳ ಹೊಳೆದಾರಿ ಹಿಡಿದು ಕಡಲಿಗೆ ಇಳಿಯುತ್ತಿತ್ತು. ದಕ್ಷಿಣದ ಭಟ್ಕಳ ಬಂದರಿನಲ್ಲಿ ಅರಬ್ಬಿ ಕುದುರೆಗಳು ಇಳಿದು ವಿಜಯನಗರದ ಕಡೆಗೆ ಘಟ್ಟ ಹತ್ತುತ್ತಿದ್ದವು. ಅದಕ್ಕೂ ಮೊದಲು, 14ನೆಯ ಶತಮಾನದಲ್ಲಿ, ಇಬ್ನ್ ಬತೂತ ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವೆಂದು ಬರೆದಿಟ್ಟಿದ್ದಾನೆ. ಇಂಥ ಸಿರಿಯ ಪೇಟೆಗಳು ನೆಲದಡಿ ಹೊನ್ನಿನ ಕೊಪ್ಪರಿಗೆ ಬಿಟ್ಟಿರಲೇಬೇಕೆಂದು ಊರವರು ನಂಬಿದರೆ ಆಶ್ಚರ್ಯವಿಲ್ಲ. ಆದರೆ ಆ ಸಂಪತ್ತಿನ ಮೂಲ ಬಳ್ಳಿಯಲ್ಲಿ ಬೆಳೆದು, ಹಡಗಿನಲ್ಲಿ ಹೋಗಿ, ಲಿಸ್ಬನ್ನಿನ ಅಡುಗೆಮನೆಗಳಲ್ಲಿ ಕರಗಿದ್ದು.

ಕೆಳದಿಯ ವೆಂಕಟಪ್ಪ ನಾಯಕನ ಕೈಯಲ್ಲಿ ರಾಣಿ ಸೋತು, ಸೆರೆಯಲ್ಲಿ ತೀರಿಕೊಂಡ ಮೇಲೆ ಗೇರುಸೊಪ್ಪೆ ಎಷ್ಟು ಬೇಗ ಕಾಡಾಯಿತೆಂಬುದಕ್ಕೆ ಒಬ್ಬ ಸಾಕ್ಷಿಯಿದ್ದಾನೆ. ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಹೊನ್ನಾವರದಿಂದ ಶರಾವತಿಯಲ್ಲಿ ದೋಣಿಯೇರಿ ಇಕ್ಕೇರಿಗೆ ಹೊರಟವನು. ಹಿಂದೆ ರಾಣಿಯ ರಾಜಧಾನಿಯಾಗಿದ್ದ ನಗರ ಪಾಳುಬಿದ್ದು ಮರಗಳಿಂದ ಮುಚ್ಚಿಹೋಗಿರುವುದನ್ನು ಅವನು ಕಂಡ. ಹದಿನೇಳೇ ವರ್ಷ! ಆಫ್ರಿಕಾದ ಕಾಡಿನಲ್ಲಿ ಮರೆಯಾದ ಪ್ರಾಚೀನ ನಗರವನ್ನು ಕಲ್ಪಿಸಲು ಹ್ಯಾಗರ್ಡನ ಮಾದರಿಯ ಲೇಖಕರು ಸಾವಿರಾರು ವರ್ಷ ಖರ್ಚು ಮಾಡುತ್ತಾರೆ. ಘಟ್ಟದ ಬುಡದ ಮಳೆ ಅದೇ ಕೆಲಸವನ್ನು ಎರಡು ದಶಕದೊಳಗೆ ಮುಗಿಸಿತ್ತು. ಇಂದು ನಗರಬಸ್ತಿಕೇರಿಯ ಚತುರ್ಮುಖ ಬಸದಿಯಲ್ಲಿ ನಾಲ್ಕು ದಿಕ್ಕಿಗೆ ಮುಖ ಮಾಡಿದ ತೀರ್ಥಂಕರ ಮೂರ್ತಿಗಳನ್ನು ನೋಡಲು ಹೋದವರಿಗೆ ಸುತ್ತಲೂ ಕಾಣುವುದು ಕಾಡು, ನಡುನಡುವೆ ಬಿದ್ದ ಕಲ್ಲುಗಳು.

ಈ ರಾಣಿ ಕನ್ನಡ ಕಾದಂಬರಿಗೆ ಎರಡು ದಾರಿಯಲ್ಲಿ ಬಂದಳು. ಗಜಾನನ ಶರ್ಮರ ‘ಚೆನ್ನಭೈರಾದೇವಿ’ ನೇರವಾದ ಐತಿಹಾಸಿಕ ಕಾದಂಬರಿ. ಗಣೇಶಯ್ಯನವರ ‘ಬಳ್ಳಿಕಾಳ ಬೆಳ್ಳಿ’ ಅವಳ ಮೆಣಸಿನ ವಹಿವಾಟನ್ನು ಇಂದಿನವರು ಬಿಡಿಸಬೇಕಾದ ರಹಸ್ಯವನ್ನಾಗಿ ಮಾಡಿಕೊಂಡಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿಯಾಗಿದ್ದ ಗಣೇಶಯ್ಯ ಈ ಪ್ರಕಾರಕ್ಕೆ ಕನ್ನಡದಲ್ಲಿ ದೊಡ್ಡ ಓದುಗವರ್ಗವನ್ನು ಕಟ್ಟಿದವರು. ‘ಕರಿಸಿರಿಯಾನ’ 1565ರ ಯುದ್ಧದ ನಂತರ ವಿಜಯನಗರದಿಂದ ಆನೆಗಳ ಮೇಲೆ ಹೊರಟ ಸಂಪತ್ತಿನ ಜಾಡು ಹಿಡಿಯುತ್ತದೆ. ರಾಬರ್ಟ್ ಸಿವೆಲ್ ತನ್ನ 1900ರ ಇತಿಹಾಸದಲ್ಲಿ ಆ ಆನೆಗಳ ಸಂಖ್ಯೆಯನ್ನು 550 ಎಂದಿದ್ದಾನೆ. ‘ಏಳು ರೊಟ್ಟಿಗಳು’ ಹೈದರಾಬಾದಿನ ನಿಜಾಮರ ಭಂಡಾರದ ಸುತ್ತ ಸುತ್ತುತ್ತದೆ.

ಅವರ ‘ಕನಕ ಮುಸುಕು’ ಕಾದಂಬರಿಯ ಒಗಟು ಇವೆಲ್ಲಕ್ಕಿಂತ ಸ್ವಾರಸ್ಯದ್ದು. ಹೊಯ್ಸಳ ದೇವಾಲಯಗಳ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆಯೇ? ಜೋಳ ಅಮೆರಿಕದ ಬೆಳೆ, ಕೊಲಂಬಸ್ ಅಲ್ಲಿಗೆ ಹೋದದ್ದು 1492ರಲ್ಲಿ, ಸೋಮನಾಥಪುರದ ಗುಡಿ 13ನೆಯ ಶತಮಾನದ್ದು. ಅಮೆರಿಕದ ಭೂಗೋಳತಜ್ಞ ಕಾರ್ಲ್ ಜೋಹಾನ್ಸೆನ್ ಮತ್ತು ಆನ್ ಪಾರ್ಕರ್ 1989ರಲ್ಲಿ ಅದು ಜೋಳವೇ ಎಂದು ವಾದಿಸಿದರು. ಅದು ಮುತ್ತುಗಳಿಂದ ಕೂಡಿದ ಕಾಲ್ಪನಿಕ ಫಲ, ಮುಕ್ತಾಫಲ, ಎಂದು ಭಾರತದ ಜೋಳತಜ್ಞರು ಎದುರು ಹೇಳಿದರು. ಕಾದಂಬರಿಕಾರನಿಗೆ ಬೇಕಾದ್ದು ಇದೇ ಬಿರುಕು. ಗಣೇಶಯ್ಯನವರು ತಮ್ಮ ಕಥೆಗಳಿಗೆ ಆಕರಗಳ ಟಿಪ್ಪಣಿ ಕೊಡುವ ರೂಢಿ ಇಟ್ಟುಕೊಂಡಿದ್ದಾರೆ. ಎಲ್ಲಿ ದಾಖಲೆ ನಿಂತಿತು, ಎಲ್ಲಿ ಕಲ್ಪನೆ ಹೊರಟಿತು ಎಂದು ಓದುಗ ತಾನೇ ನೋಡಿಕೊಳ್ಳಬಹುದು. ಪಾತ್ರಗಳು ಕೆಲವೆಡೆ ಮಾಹಿತಿ ಹೊರುವ ಕೂಲಿಗಳಂತೆ ಕಾಣುವುದು ಈ ಪದ್ಧತಿಗೆ ತೆರುವ ಬೆಲೆ.

ತೇಜಸ್ವಿಯವರ ‘ಜುಗಾರಿ ಕ್ರಾಸ್’ ಘಟ್ಟದ ಮೇಲಿನ ಕಥೆ. ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ದಂಪತಿಯ ಕೈಗೆ ಹಳೆಯ ಕಾವ್ಯವೊಂದು ಸಿಕ್ಕಿ, ಅದರ ದ್ವಂದ್ವಾರ್ಥದೊಳಗೆ ರತ್ನದ ಗಣಿಯ ಸುಳಿವು ಅಡಗಿರುತ್ತದೆ. ಸಂಪತ್ತಿನ ನಕ್ಷೆ ಹಳಗನ್ನಡದಲ್ಲಿದೆ, ಓದಬಲ್ಲವರು ಇಲ್ಲ. ಹಾಸ್ಯವೂ ಅಲ್ಲಿದೆ, ನೋವೂ ಅಲ್ಲಿದೆ. ಭಟ್ಕಳ ತಾಲ್ಲೂಕಿನ ಹಾಡುವಳ್ಳಿ, ಅಂದರೆ ಹಿಂದಿನ ಸಂಗೀತಪುರ, ಇದಕ್ಕೆ ವಾಸ್ತವದ ಜೋಡಿಯನ್ನು ಕೊಡುತ್ತದೆ. ಅಲ್ಲಿನ ಜೈನ ಮಠದ ಪರಂಪರೆಗೆ ಸೇರಿದ ಭಟ್ಟಾಕಳಂಕ 1604ರಲ್ಲಿ, ಗೇರುಸೊಪ್ಪೆ ಬೀಳಲು ಎರಡು ವರ್ಷವಿರುವಾಗ, ಸಂಸ್ಕೃತದಲ್ಲಿ ಕನ್ನಡಕ್ಕೊಂದು ವ್ಯಾಕರಣ ಬರೆದು ಮುಗಿಸಿದ. 592 ಸೂತ್ರಗಳ ಆ ‘ಕರ್ಣಾಟಕ ಶಬ್ದಾನುಶಾಸನ’ ಓಲೆಗರಿಗಳಲ್ಲಿ ಉಳಿದುಬಂದು, ಬಿ. ಎಲ್. ರೈಸ್ ಅವರ ಕೈಯಿಂದ 1890ರಲ್ಲಿ ಅಚ್ಚಾಯಿತು. ಗೇರುಸೊಪ್ಪೆಯ ಕಾಲದಿಂದ ಇಡಿಯಾಗಿ ದಕ್ಕಿದ ದೊಡ್ಡ ಭಂಡಾರವೆಂದರೆ ಈ ಪುಸ್ತಕ ಎನ್ನಲಡ್ಡಿಯಿಲ್ಲ.

ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಕಾದಂಬರಿಯನ್ನು ಯಾರೂ ಅದ್ಭುತರಮ್ಯದ ಕಪಾಟಿನಲ್ಲಿ ಇಡುವುದಿಲ್ಲ. ಆದರೂ ಪುರಾತತ್ತ್ವವನ್ನು ಅತಿಮಾನುಷ ಶಕ್ತಿಯೊಂದಿಗೆ ಬೆಸೆದ ಕನ್ನಡದ ಅತಿ ದಿಟ್ಟ ಕಾದಂಬರಿ ಅದು. ಮೂಡೂರೆಂಬ ಹಳ್ಳಿಯ ಬಾಲವಿಧವೆ ಮೂಕಜ್ಜಿಗೆ ಮೊಮ್ಮಗ ಸುಬ್ಬರಾಯ ಎಲ್ಲೆಲ್ಲಿಂದಲೋ ಹಳೆಯ ವಸ್ತುಗಳನ್ನು ತಂದುಕೊಡುತ್ತಾನೆ. ಮುಟ್ಟಿದೊಡನೆ ಅವುಗಳ ಹಿಂದಿನ ಬದುಕು ಅವಳ ಕಣ್ಣಿಗೆ ಕಟ್ಟುತ್ತದೆ. ಬೇಟೆಯಾಡುತ್ತಿದ್ದವರು, ತಾಯಿದೇವತೆಯನ್ನು ಪೂಜಿಸಿದವರು, ದೇವರುಗಳನ್ನು ಬದಲಿಸಿದವರು. ಕರಾವಳಿಯಲ್ಲಿ ನಿಧಿ ಹುಡುಕುವವರು ಅಂಗೈಗೆ ಅಂಜನ ಹಚ್ಚಿಸಿ, ನೆಲದೊಳಗೆ ಹೊನ್ನು ಎಲ್ಲಿದೆಯೆಂದು ಕೇಳುವ ರೂಢಿಯಿತ್ತು. ಕಾರಂತರು ಅದೇ ನೋಟವನ್ನು ಅಜ್ಜಿಗೆ ಕೊಟ್ಟು, ಹೊನ್ನಿನ ಪ್ರಶ್ನೆಯನ್ನೇ ಕೈಬಿಟ್ಟರು. ಅವಳಿಗೆ ಕಾಣುವುದು ವಸ್ತುವನ್ನು ಬಳಸಿದ ಕೈಗಳು. 1977ರ ಜ್ಞಾನಪೀಠ ಪ್ರಶಸ್ತಿ ಈ ಕಾದಂಬರಿಗೆ ಸಂದಿತು.

ಜನಪದ ಕಲ್ಪನೆಯಲ್ಲಿ ನಿಧಿಗೆ ಹಾವು ಕಾವಲು, ಅದು ಬಲಿ ಬೇಡುತ್ತದೆ, ಅನರ್ಹರ ಕೈಗೆ ಇದ್ದಿಲಾಗುತ್ತದೆ. ಟೋಲ್ಕಿನ್ನನ ಡ್ರ್ಯಾಗನ್ನಿಗೂ ನಮ್ಮ ಏಳು ಹೆಡೆಯ ಸರ್ಪಕ್ಕೂ ಉದ್ಯೋಗ ಒಂದೇ. ಕುಮಟಾದ ಯಾಣದಲ್ಲಿ 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಕಪ್ಪು ಬಂಡೆಯನ್ನು ಭಸ್ಮಾಸುರನ ಕಥೆಗೆ ಹೊಂದಿಸಿ ಹೇಳುವ ಜನ, ಪಾಳು ಕೋಟೆಗೆ ಸರ್ಪವನ್ನು ಕೂರಿಸದೆ ಬಿಟ್ಟಾರೆಯೆ? ಈ ನಂಬಿಕೆಯ ಇನ್ನೊಂದು ಮುಖ ಅಷ್ಟು ಮುದ್ದಾದುದಲ್ಲ. ಕರ್ನಾಟಕದುದ್ದಕ್ಕೂ ವೀರಗಲ್ಲಿನ ಬುಡ ಅಗೆದ, ನಂದಿಯನ್ನು ಮಗುಚಿದ, ಗರ್ಭಗುಡಿಯ ಪೀಠ ಒಡೆದ ಸುದ್ದಿಗಳು ಬರುತ್ತಲೇ ಇವೆ.

ಕಾನೂನು ಈ ವಿಷಯದಲ್ಲಿ ಕಾದಂಬರಿಗಳಿಗಿಂತ ಹಳೆಯದು. 1878ರ ಭಾರತೀಯ ನಿಧಿ ಕಾಯಿದೆ ‘ಟ್ರೆಷರ್ ಐಲ್ಯಾಂಡ್’ಗಿಂತ ಐದು ವರ್ಷ ಮೊದಲೇ ಬಂತು. ಮಣ್ಣಿನಲ್ಲಿ ಅಡಗಿದ, 10 ರೂಪಾಯಿಗೂ ಹೆಚ್ಚು ಬೆಲೆಬಾಳುವ ವಸ್ತು ಸಿಕ್ಕರೆ ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕೆಂದು ಅದು ವಿಧಿಸಿತು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆ ಪ್ರಾಚೀನ ವಸ್ತುಗಳನ್ನು ಖಾಸಗಿಯಾಗಿ ಹೊರದೇಶಕ್ಕೆ ಸಾಗಿಸುವುದನ್ನು ನಿಷೇಧಿಸಿತು. ಕಾದಂಬರಿಯ ನಾಯಕ ಮಾತ್ರ ಯಾವ ಭಾಷೆಯಲ್ಲೂ ಅರ್ಜಿ ಬರೆಯಲು ಕೂರುವುದಿಲ್ಲ. ಗೇರುಸೊಪ್ಪೆಯ ಕಾಡಿನಲ್ಲಿ ಕೊಪ್ಪರಿಗೆ ಸಿಕ್ಕವನು ನಿಯಮ ಪಾಲಿಸಿದರೆ, ಉಳಿದ ಅಧ್ಯಾಯಗಳೆಲ್ಲ ಕಾರವಾರದ ಜಿಲ್ಲಾಧಿಕಾರಿ ಕಚೇರಿಯ ಬೆಂಚಿನ ಮೇಲೆ ನಡೆಯಬೇಕಾದೀತು.