ಪುರ ಕಾಮಗಾರಿಗಳ ಪ್ರಾಥಮಿಕ ವಿನ್ಯಾಸ (ಭಟ್ಕಳ, ಹೊನ್ನಾವರ, ಕುಮಟಾ)

ರಸ್ತೆ, ಚರಂಡಿ, ನೀರು ಸರಬರಾಜಿನಂಥ ಕಾಮಗಾರಿಗೆ ಟೆಂಡರ್ ಕರೆಯುವ ಮುಂಚೆ ಸ್ಥಳದ ಸರ್ವೆ, ಪರ್ಯಾಯಗಳ ತುಲನೆ, ಅಂದಾಜು ವೆಚ್ಚದ ಲೆಕ್ಕ ನಡೆಯುವ ಹಂತ. ಉತ್ತರ ಕನ್ನಡದ ಈ ಮೂರು ಕರಾವಳಿ ಪಟ್ಟಣಗಳಲ್ಲಿ ವಿನ್ಯಾಸದ ನಿಜವಾದ ಪರೀಕ್ಷಕ ಮಳೆಗಾಲ. ಬೇಸಿಗೆಯಲ್ಲಷ್ಟೇ ನೋಡಿ ಅಳೆದ ಚರಂಡಿ ಜೂನ್ ತಿಂಗಳಿಗೆ ಸಾಲದು. ಹೊನ್ನಾವರದಲ್ಲಿ ಶರಾವತಿ, ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಸಮುದ್ರ ಸೇರುತ್ತವೆ. ಭರತದ ಹೊತ್ತಿಗೆ ಜೋರು ಮಳೆ ಬಂದರೆ ತಗ್ಗಿನ ಚರಂಡಿಯ ನೀರು ಹೊರಹೋಗದೆ ಹಿಮ್ಮೆಟ್ಟುತ್ತದೆ, ಹಾಗಾಗಿ ಭರತದ ಮಟ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. 1991ರಿಂದ ಜಾರಿಯಲ್ಲಿರುವ ಕರಾವಳಿ ನಿಯಂತ್ರಣ ವಲಯದ ಗೆರೆಯನ್ನು ನೋಡಬೇಕಾದದ್ದೂ ಈ ಹಂತದಲ್ಲೇ. ಹಿಂದಿನ ಯೋಜನೆಗಳ ಮಟ್ಟಿಗೆ ಹೇಳುವುದಾದರೆ, ಏಷ್ಯಾ ಅಭಿವೃದ್ಧಿ ಬ್ಯಾಂಕ್ 1999ರಲ್ಲಿ ಸಾಲ ಮಂಜೂರು ಮಾಡಿದ, ಹತ್ತು ಪಟ್ಟಣಗಳ ನಗರಾಭಿವೃದ್ಧಿ ಮತ್ತು ಕರಾವಳಿ ಪರಿಸರ ನಿರ್ವಹಣಾ ಯೋಜನೆಯಲ್ಲಿ ಭಟ್ಕಳವಿತ್ತು. ಹೊನ್ನಾವರ, ಕುಮಟಾ ಇರಲಿಲ್ಲ. ಅಂಗಳದ ಬಾವಿಯನ್ನೇ ನಂಬಿದ ಮನೆಗಳಿರುವ ಚಿರೆಕಲ್ಲಿನ ನೆಲದಲ್ಲಿ ಒಳಚರಂಡಿಯ ಜಾಡು ಗುರುತಿಸುವ ಮೊದಲು ಬಾವಿಗಳ ನಕ್ಷೆ ಬೇಕು.