ರಾಗಕ್ಕೆ ಕಾರ್ಡ್ ಕೂಡಿಸುವ ಕ್ರಮ

ಒಟ್ಟಿಗೆ ನುಡಿಸುವ ಮೂರು ಅಥವಾ ಹೆಚ್ಚು ಸ್ವರಗಳ ಗೊಂಚಲಿಗೆ ಕಾರ್ಡ್ ಎಂದು ಹೆಸರು. ಪಾಶ್ಚಾತ್ಯ ಸಂಗೀತದ ಈ ಪದ್ಧತಿ ಚಿತ್ರಗೀತೆ, ಸುಗಮ ಸಂಗೀತಗಳ ಮೂಲಕ ಕನ್ನಡದ ಕಿವಿಗೂ ಒಗ್ಗಿದೆ. ಲ್ಯಾಪ್‌ಟಾಪು, ಮೈಕು, ಸಣ್ಣ ಕೀಬೋರ್ಡು ಇದ್ದರೆ ಈಗ ಮನೆಯ ಕೋಣೆಯೇ ಸ್ಟುಡಿಯೊ. ಆದರೆ ಉತ್ತರ ಕನ್ನಡದ ಅಘನಾಶಿನಿ ನದಿಯ ಸೀಮೆಯಲ್ಲಿ ಹಾಡು ಮುದ್ರಿಸುವವರು ಕಾರ್ಡಿನ ಪಾಠವನ್ನು ಗಿಟಾರ್ ಪುಸ್ತಕದಿಂದಲ್ಲ, ಯಕ್ಷಗಾನದ ಹಿಮ್ಮೇಳದಿಂದ ಆರಂಭಿಸುವುದು ಒಳ್ಳೆಯದು.

ಅದೇ ಜಿಲ್ಲೆಯ ಹೊನ್ನಾವರ ತಾಲೂಕಿನ ಗುಣವಂತೆಯ ಶ್ರೀ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ್ದು 1934ರಲ್ಲಿ. ಇಂಥ ಬಡಗು ಮೇಳಗಳ ಹಿಮ್ಮೇಳದಲ್ಲಿ ಭಾಗವತರು, ಮದ್ದಲೆ, ಚಂಡೆ ಇರುತ್ತವೆ. ಹಾರ್ಮೋನಿಯಂಗೆ ಇರುವುದು ಶ್ರುತಿ ಹಿಡಿಯುವ ಕೆಲಸ ಮಾತ್ರ. ಷಡ್ಜ ಮತ್ತು ಪಂಚಮಗಳ ಆ ನಾದವನ್ನು ಗಿಟಾರಿನವರು ಪವರ್ ಕಾರ್ಡ್ ಎನ್ನುತ್ತಾರೆ. ಅದರಲ್ಲಿ ಗಾಂಧಾರವಿಲ್ಲ, ಆದ್ದರಿಂದ ಅದು ಮೇಜರೂ ಅಲ್ಲ, ಮೈನರೂ ಅಲ್ಲ. ಯಾವ ಗಾಂಧಾರ ಬೇಕೆಂಬುದನ್ನು ಹಾಡುವವರ ಕಂಠವೇ ತೀರ್ಮಾನಿಸುತ್ತದೆ. ಮನೆಯ ಮುದ್ರಣದಲ್ಲೂ ಮೊದಲ ಟ್ರ್ಯಾಕ್ ಈ ಸ-ಪ ಶ್ರುತಿಯೇ ಆಗಿರಲಿ.

ಸ-ಪ ನಡುವೆ ಗಾಂಧಾರ ಸೇರಿದಾಗ ಕಾರ್ಡ್ ಪೂರ್ಣವಾಗುತ್ತದೆ. ಷಡ್ಜದಿಂದ ನಾಲ್ಕು ಮನೆ ಮೇಲೆ, ಅಲ್ಲಿಂದ ಮೂರು ಮನೆ ಮೇಲೆ ಒತ್ತಿದರೆ ಮೇಜರ್. ಮೊದಲು ಮೂರು, ಆಮೇಲೆ ನಾಲ್ಕು ಎಣಿಸಿದರೆ ಮೈನರ್. ಇಲ್ಲಿ ಮನೆ ಎಂದರೆ ಕಪ್ಪು, ಬಿಳಿ ಎರಡನ್ನೂ ಸೇರಿಸಿ ಎಣಿಸುವ ಕೀಲಿ. ಹಾಡಿದ ರಾಗದ ಸ್ವರಗಳಲ್ಲೇ ಈ ಲೆಕ್ಕಕ್ಕೆ ಕೂಡಿಬರುವ ಗೊಂಚಲುಗಳು ಯಾವುವು ಎಂದು ಹುಡುಕುವುದೇ ಮುಖ್ಯ ಕೆಲಸ.

ಮೋಹನದ ಸ ರಿ ಗ ಪ ದ ಎಂಬ ಐದು ಸ್ವರಗಳಲ್ಲಿ ಸಿಗುವುದು ಎರಡೇ: ಸ-ಗ-ಪ ಮೇಜರ್ ಮತ್ತು ದ-ಸ-ಗ ಮೈನರ್. ಎರಡಕ್ಕೂ ಸ, ಗ ಸಮಾನವಾದ್ದರಿಂದ ಪಂಚಮದ ಮೇಲಿನ ಬೆರಳನ್ನು ಧೈವತಕ್ಕೆ ಸರಿಸಿದರೆ ಸಾಕು, ಕೈ ಎತ್ತಬೇಕಾಗಿಲ್ಲ. ಹಿಂದೋಳ ಇಷ್ಟು ಸರಳವಲ್ಲ. ಅದರಲ್ಲಿ ಪಂಚಮವೇ ಇಲ್ಲ. ಹಾಗಾಗಿ ಷಡ್ಜದ ಮೇಲೆ ಮೈನರ್ ಕಾರ್ಡ್ ಇಟ್ಟ ಕೂಡಲೇ ರಾಗ ಕೆಡುತ್ತದೆ. ಅಲ್ಲಿ ಉಳಿಯುವವು ಮ-ದ-ಸ ಮೈನರ್ ಮತ್ತು ದ-ಸ-ಗ ಮೇಜರ್. ಶ್ರುತಿಯನ್ನೂ ಸ-ಮ ಹಿಡಿಯಬೇಕು. ಮಧ್ಯಮಾವತಿಯಲ್ಲಿ ಗಾಂಧಾರವಿಲ್ಲದ್ದರಿಂದ ಷಡ್ಜದ ಮೇಲೆ ಮೇಜರ್, ಮೈನರ್ ಎರಡೂ ಸಾಧ್ಯವಿಲ್ಲ. ಸ-ರಿ-ಪ ಅಥವಾ ಸ-ಮ-ಪ ಎಂಬ ಸಸ್ಪೆಂಡೆಡ್ ಕಾರ್ಡ್‌ಗಳು ಅದಕ್ಕೆ ಬಹಳ ಚೆನ್ನಾಗಿ ಹೊಂದುತ್ತವೆ. ಬದಲಾವಣೆ ಬೇಕೆನಿಸಿದಲ್ಲಿ ಪ-ನಿ-ರಿ ಮೈನರ್, ನಿ-ರಿ-ಮ ಮೇಜರ್ ಇವೆ. ಸಾಫ್ಟ್‌ವೇರ್ ತಾನಾಗಿ ಸೂಚಿಸುವ ಕಾರ್ಡ್‌ಗಳನ್ನು ಒಪ್ಪುವ ಮೊದಲು ಈ ಲೆಕ್ಕ ಮಾಡದಿದ್ದರೆ ರಾಗದಲ್ಲಿಲ್ಲದ ವರ್ಜ್ಯಸ್ವರ ಒಳನುಗ್ಗುತ್ತದೆ.

ಹಾಡುವವರು ತಮ್ಮ ಶ್ರುತಿಯನ್ನು ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಹೇಳುತ್ತಾರೆ. ಬಿಳಿ ಒಂದು ಎಂದರೆ ಸಿ, ಕಪ್ಪು ಒಂದು ಸಿ ಶಾರ್ಪ್, ಕಪ್ಪು ಎರಡು ಡಿ ಶಾರ್ಪ್, ಕಪ್ಪು ಮೂರು ಎಫ್ ಶಾರ್ಪ್. ಕಪ್ಪು ಎರಡಕ್ಕೆ ಗಿಟಾರಿನ ಮೂರನೇ ಫ್ರೆಟ್‌ನಲ್ಲಿ ಕ್ಯಾಪೊ ಹಾಕಿ ಸಿ ಕಾರ್ಡಿನ ಬೆರಳುಗಳನ್ನೇ ಇಡಬಹುದು. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಮೂರು ಒತ್ತಿದರಾಯಿತು.

ಕಾರ್ಡ್ ಯಾವಾಗ ಬದಲಿಸಬೇಕು ಎನ್ನುವುದು ತಾಳಕ್ಕೆ ಬಿಟ್ಟದ್ದು. ತ್ರಿವುಡೆಯ ಏಳು ಅಕ್ಷರಗಳನ್ನು ಸಾಫ್ಟ್‌ವೇರಿನ ನಾಲ್ಕರ ಲೆಕ್ಕಕ್ಕೆ ತುರುಕಬಾರದು. ಪ್ರಾಜೆಕ್ಟನ್ನು ಏಳಕ್ಕೆ ಹೊಂದಿಸಿ ಆವರ್ತದ ಆರಂಭದಲ್ಲಿ ಕಾರ್ಡ್ ಬದಲಿಸಿದರೆ ಪದ್ಯ ತಡವರಿಸುವುದಿಲ್ಲ. ಭಾಮಿನಿ, ವಾರ್ಧಕ ಷಟ್ಪದಿಗಳನ್ನು ಸಾಮಾನ್ಯವಾಗಿ ತಾಳವಿಲ್ಲದೆ ಹಾಡುತ್ತಾರೆ. ಅಲ್ಲಿ ಮೆಟ್ರೊನೋಮ್ ನಿಲ್ಲಿಸಿ, ಶ್ರುತಿಯನ್ನಷ್ಟೇ ಉಳಿಸಿ, ಭಾಗವತರ ಉಸಿರಿಗೆ ಜಾಗ ಬಿಡಬೇಕು.

ಕೀಬೋರ್ಡಿನಲ್ಲಿ ಕಾರ್ಡಿನ ಮೂರು ಸ್ವರಗಳನ್ನೂ ಕೆಳಸ್ಥಾಯಿಯಲ್ಲಿ ಒತ್ತಿದರೆ ನಾದ ಕಲಸಿಹೋಗುತ್ತದೆ. ಎಡಗೈಗೆ ಷಡ್ಜ, ಹೆಚ್ಚೆಂದರೆ ಪಂಚಮ. ಗಾಂಧಾರ ಮಧ್ಯಸ್ಥಾಯಿಯಲ್ಲಿ ಬಲಗೈಗೆ.

ಗಾಂಧಾರದಲ್ಲಿ ಇನ್ನೊಂದು ತೊಡಕೂ ಇದೆ. ಷಡ್ಜದೊಂದಿಗೆ 5:4 ಅನುಪಾತದಲ್ಲಿ ನಿಲ್ಲುವ ಅಂತರ ಗಾಂಧಾರ ಸುಮಾರು 386 ಸೆಂಟ್ ಎತ್ತರದ್ದು (ಸೆಂಟ್ ಎಂದರೆ ಒಂದು ಮನೆಯ ನೂರನೇ ಒಂದು ಪಾಲು). ಕೀಬೋರ್ಡಿನ ಸಮಪಾಲಿನ ಗಾಂಧಾರ 400 ಸೆಂಟ್, ಅಂದರೆ 14 ಸೆಂಟ್ ಹೆಚ್ಚು. ಪಂಚಮದಲ್ಲಿ ಈ ಅಂತರ ಬರೀ ಎರಡು ಸೆಂಟ್, ಕಿವಿಗೆ ತಾಗುವುದಿಲ್ಲ. ಹಾರ್ಮೋನಿಯಂ ಸ್ವರಗಳು ನಮ್ಮ ಗಾಯನಕ್ಕೆ ಒಗ್ಗುವುದಿಲ್ಲವೆಂಬ ವಾದದಿಂದಲೇ ಆಕಾಶವಾಣಿ 1940ರಲ್ಲಿ ಆ ವಾದ್ಯವನ್ನು ಹೊರಗಿಟ್ಟಿತ್ತು. ನಿಷೇಧ ಸಡಿಲವಾದದ್ದು 1971ರಲ್ಲಿ. ಸ್ಟುಡಿಯೊದಲ್ಲಿ ಇದಕ್ಕೆ ಉಪಾಯವಿದೆ. ಹಾಡುವವರು ಗಾಂಧಾರದ ಮೇಲೆ ನಿಂತಾಗ ಕಾರ್ಡಿನಿಂದ ಗಾಂಧಾರವನ್ನು ತೆಗೆದು ಸ-ಪ ಮಾತ್ರ ಉಳಿಸಬಹುದು, ಅಥವಾ ಮೈಕ್ರೊಟ್ಯೂನಿಂಗ್ ಇರುವ ಸಿಂಥ್‌ನಲ್ಲಿ ಆ ಒಂದು ಸ್ವರವನ್ನು 14 ಸೆಂಟ್ ಇಳಿಸಬಹುದು. ಕಂಠದ ಟ್ರ್ಯಾಕನ್ನು ಪಿಚ್ ಕರೆಕ್ಷನ್ನಿನಿಂದ ಕೀಬೋರ್ಡಿನ ಮಟ್ಟಕ್ಕೆ ಎಳೆಯುವುದು ಮಾತ್ರ ಖಂಡಿತ ಬೇಡ. ಗಮಕ ಮೊದಲು ಸಾಯುವುದು ಅಲ್ಲಿಯೇ.